ಎರಡು ‘ಡ್ಯಾನ್ಸ್ ಫೈನಲ್’

ನವೆಂಬರ್ 4, ಮಂಗಳವಾರ. ಹೊಲಿಗೆ ಅಂಗಡಿಯಲ್ಲಿ

ಅರ್ಧ ಲಂಗಗಳ ಅಂಚು ಮುಗಿಯಿತು. ಇನ್ನರ್ಧ ನಾಳೆ. ಎಲ್ಲವೂ ನಮ್ಮ ಡ್ಯಾನ್ಸಿನದ್ದೇ. ತಿಂಗಳ ಕೊನೆಗೆ ಮಣಿಪಾಲದಲ್ಲಿ ಮಹಿಳೆಯರ ಸ್ಪರ್ಧೆ. ಕಾಪುವಿನಿಂದ ನಾವು ಕೆಲವರು, ಕಾರ್ಕಳದವರು ಕೆಲವರು. ಕಲಿಸುವುದು ಪ್ರಭಾವತಿ ಟೀಚರ್. ಸ್ಟೇಜ್ ಹತ್ತುವುದು ನನಗೆ ಇದೇ ಮೊದಲು. ಐದನೇ ಕ್ಲಾಸಿಗೆ ಶಾಲೆ ಬಿಟ್ಟೆ, ಅಷ್ಟರೊಳಗೆ ಧೈರ್ಯ ಬಂದಿರಲಿಲ್ಲ. ಹಿಂದಿನ ಸಾಲು, ಮೂಲೆ. ಆದರೂ ನನ್ನ ಜಾಗ.

ಸ್ಟೆಪ್ ಅಕ್ಟೋಬರಿನಲ್ಲೇ ಕಲಿತೆವು, ಟೀಚರ್ ಬಾಯಲ್ಲಿ ಎಣಿಸಿದ್ದಕ್ಕೆ. ಹಾಡು ಆಮೇಲೆ ವಾಟ್ಸಾಪ್ ಗ್ರೂಪಿಗೆ ಬಂತು. ಈಗ ಮದುವೆ ಸೀಸನ್. ಸಂಜೆಯ ಪ್ರಾಕ್ಟೀಸಿಗೆ ಹೋಗಲು ಬಿಡುವಿಲ್ಲ. ಮನೆಯಲ್ಲೇ ಹಾಡು ಹಾಕಿ ಮಾಡು ಎಂದಿದ್ದಾರೆ ಟೀಚರ್. ಆದರೆ ಹಾಡು ನನ್ನ ಫೋನಿಗೆ ಇಳಿಯುತ್ತಲೇ ಇಲ್ಲ. ಚಕ್ರ ತಿರುಗುತ್ತದೆ, ನಿಲ್ಲುತ್ತದೆ. ಸ್ಟೋರೇಜ್ ಫುಲ್.

ನ. 5

ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟೀವನ್‌ನ ಮೊಬೈಲ್ ಅಂಗಡಿಗೆ ಹೋದೆ. ಫೋನ್ ನೋಡಿ ನಕ್ಕ.

“ಇದನ್ನು ಮ್ಯೂಸಿಯಂಗೆ ಕೊಡಿ, ಹೊಸದು ತಗೊಳ್ಳಿ.”

ಫೋನ್ ಚೀಲಕ್ಕೆ ಹಾಕಿಕೊಂಡು ಬಂದೆ.

ನ. 7, ಶುಕ್ರವಾರ, ಬೆಳಿಗ್ಗೆ

ಫೋನಿನಲ್ಲಿ ‘ಫೈಲ್ಸ್’ ಎಂಬ ಆ್ಯಪ್ ಮೊದಲಿನಿಂದಲೂ ಇತ್ತು. ಒಮ್ಮೆಯೂ ತೆರೆದಿರಲಿಲ್ಲ. ಒಳಗೆಲ್ಲ ಇಂಗ್ಲಿಷ್. ಒಂದೊಂದು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಹೆದರಿಕೆ. ತಪ್ಪು ಒತ್ತಿದರೆ ಎಲ್ಲ ಹೋದರೆ?

ನಿನ್ನೆ ಒಂದು ಕೆಲಸ ಮಾಡಿದೆ. ಸೆಟ್ಟಿಂಗಿಗೆ ಹೋಗಿ ಫೋನನ್ನೇ ಕನ್ನಡಕ್ಕೆ ತಿರುಗಿಸಿದೆ. ಅಷ್ಟೇ... ಒಳಗಿನ ಆ್ಯಪ್ ಕೂಡ ಕನ್ನಡವಾಯಿತು! ಅಳಿಸುವುದು ಯಾವುದು, ನಕಲು ಯಾವುದು, ಮೆಮೊರಿ ಕಾರ್ಡಿಗೆ ಸಾಗಿಸುವುದು ಯಾವುದು, ಎಲ್ಲ ಓದಲು ಬರುತ್ತದೆ. ಅಳಿಸಿದ್ದು ಕೂಡಲೇ ಹೋಗುವುದಿಲ್ಲವಂತೆ. ಸ್ವಲ್ಪ ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ, ಬೇಕಾದರೆ ವಾಪಸ್. ಇದನ್ನು ಓದಿದ ಮೇಲೆ ಧೈರ್ಯವಾಗಿ ಒತ್ತಿದೆ.

ಗುಡ್ ಮಾರ್ನಿಂಗ್ ಗುಲಾಬಿಗಳೇ ಒಂದು ತೋಟದಷ್ಟು. ಹೆಚ್ಚಿನವು ಪಕ್ಕದ ಮನೆಯ ಬೆನೆಡಿಕ್ಟಾ ಬಾಯಿ ಕಳಿಸಿದ್ದು — ಅವರೂ ನಮ್ಮ ಡ್ಯಾನ್ಸಿನಲ್ಲಿ ಇದ್ದಾರೆ. ಎಲ್ಲ ಅಳಿಸಿದೆ. ಬಾಯಿ ಕ್ಷಮಿಸಲಿ. ಬ್ಲೌಸಿನ ಡಿಸೈನುಗಳಿಗೆ ಎರಡು ಫೋಲ್ಡರ್ ಮಾಡಿ ಕಾರ್ಡಿಗೆ ಹಾಕಿದೆ. ಒಂದಕ್ಕೆ ‘ತೋಳು’ ಎಂದು ಹೆಸರು, ಇನ್ನೊಂದಕ್ಕೆ ‘ಕುತ್ತಿಗೆ’. ಇನ್ನು ಗಿರಾಕಿ ಎದುರು ನಿಂತಾಗ ಹುಡುಕಾಟವಿಲ್ಲ.

ಆಮೇಲೆ ಗ್ರೂಪಿಗೆ ಹೋಗಿ ಹಾಡು ಒತ್ತಿದೆ. ಎಲ್ಲಕ್ಕಿಂತ ಕೆಳಗಿದ್ದದ್ದು — ‘ಡ್ಯಾನ್ಸ್ ಫೈನಲ್’. ಇಳಿಯಿತು.

ಒಬ್ಬಳೇ ನಗುವುದು ನೋಡಿ ಮಮ್ಮಿ ಯಾರ ಮೆಸೇಜ್ ಎಂದು ಕೇಳಿದರು.

ನ. 9

ದಿನಾ ಮೇಜು ಸರಿಸಿ ಕುಣಿಯುತ್ತೇನೆ. ಬಲೆ ಎಳೆಯುವ ಸ್ಟೆಪ್ ಎರಡು ಸುತ್ತು ಎಂದು ನೆನಪು. ಹಾಡಿನಲ್ಲಿ ಒಂದೇ ಸುತ್ತಿಗೆ ಜಾಗ. ನಾನೇ ತಪ್ಪು ತಿಳಿದಿರಬೇಕು. ಕೇಳೋಣವೆಂದರೆ... ಗ್ರೂಪಿನಲ್ಲಿ ಎಲ್ಲರೂ ಓದುತ್ತಾರೆ. ಬೇಡ. ಒಂದೇ ಸುತ್ತು ಮಾಡಿ ಮುಂದಿನ ಚಕ್ರದ ಸ್ಟೆಪ್ಪಿಗೆ ತಿರುಗುತ್ತೇನೆ. ಈಗ ನಿದ್ದೆಯಲ್ಲೂ ಬರುತ್ತದೆ.

ನ. 16, ಭಾನುವಾರ

ಕಾರ್ಕಳದ ಹಾಲ್. ಎರಡೂ ಊರಿನವರು ಮೊದಲ ಸಲ ಒಟ್ಟಿಗೆ. ಟೀಚರ್ ತಮ್ಮ ಫೋನನ್ನು ಸ್ಪೀಕರಿಗೆ ಜೋಡಿಸಿ ಹಾಡು ಹಾಕಿದರು.

ಬಲೆ ಎಳೆದೆ, ತಿರುಗಿದೆ. ಉಳಿದವರೆಲ್ಲ ಇನ್ನೂ ಬಲೆ ಎಳೆಯುತ್ತಿದ್ದಾರೆ. ಕಾರ್ಕಳದ ಲವೀನಾಗೆ ಡಿಕ್ಕಿ. ಮತ್ತೆ ಮೊದಲಿನಿಂದ. ಮತ್ತೆ ಡಿಕ್ಕಿ. ಎಲ್ಲರೂ ನೋಡುತ್ತಿದ್ದರು. ಹಾಡು ಕಿವಿಗೆ ಬೀಳಲೇ ಇಲ್ಲ, ನನ್ನ ಎದೆಬಡಿತವೇ ಕೇಳುತ್ತಿತ್ತು. ಹಿಂದಿನ ಸಾಲಿಗೆ ಬ್ರೇಕ್ ಹಾಕಿಸಬೇಕು ಎಂದಳು ಲವೀನಾ. ನಗು.

ಟೀಚರ್ ಬದಿಗೆ ಕರೆದರು. “ಆನ್ಸಿಲ್ಲಾ, ಬೇಜಾರು ಮಾಡ್ಬೇಡ. ಈ ಸಲ ನೀನು ಬಟ್ಟೆ ನೋಡ್ಕೋ. ಹೊಲಿದವಳೇ ಹತ್ತಿರ ಇದ್ರೆ ನಮಗೂ ಧೈರ್ಯ, ಅಲ್ವಾ?”

ತಲೆ ಅಲ್ಲಾಡಿಸಿದೆ.

ನ. 17

ನನ್ನ ಲಂಗಕ್ಕೆ ಹುಕ್ಸ್ ಹಾಕಲಿಲ್ಲ. ಯಾರಿಗೆ ಹಾಕುವುದು?

ನ. 19, ಬುಧವಾರ

ಬೆನೆಡಿಕ್ಟಾ ಬಾಯಿ ಅಳತೆ ಸರಿಮಾಡಿಸಲು ಬಂದರು. ಟ್ರಯಲಿನಲ್ಲೂ ಪ್ರಾಕ್ಟೀಸ್ — ತಮ್ಮ ಫೋನಿನಲ್ಲಿ ಹಾಡು ಹಾಕಿದರು. ಸೊಂಟಕ್ಕೆ ಪಿನ್ ಹಾಕುತ್ತಾ ಕೂತಿದ್ದೆ. ಬಲೆಯ ಭಾಗ ಬಂತು, ಮುಗಿಯಿತು... ಮತ್ತೆ ಶುರುವಾಯಿತು. ನನ್ನ ಹಾಡಿನಲ್ಲಿ ಅದಿಲ್ಲ.

ಅವರ ಫೋನ್ ಕೇಳಿದೆ. ಫೈಲ್ಸ್ ತೆರೆದು ಎರಡೂ ಫೋನಿನಲ್ಲಿ ಹಾಡಿನ ವಿವರ ನೋಡಿದೆ. ಹೆಸರು ಎರಡಕ್ಕೂ ‘ಡ್ಯಾನ್ಸ್ ಫೈನಲ್’. ಅವರದ್ದು ಅಕ್ಟೋಬರಿನದು, ಎಂಟು ನಿಮಿಷ. ನನ್ನದು ನವೆಂಬರಿನದು, ಆರಕ್ಕಿಂತ ಚೂರು ಕಡಿಮೆ. ಸ್ಪರ್ಧೆಯವರು ಸಮಯ ಆರು ನಿಮಿಷಕ್ಕೆ ಇಳಿಸಿದ್ದಾರೆಂದು ಟೀಚರ್ ಹೇಳಿದ್ದರು. ಮೀರಿದರೆ ತಂಡವೇ ಹೊರಗೆ.

ಗ್ರೂಪಿನಲ್ಲಿ ಮೇಲೆ ಹೋಗಿ ಹುಡುಕಿದೆ. ಹೊಸದನ್ನು ಹಾಕಿದ್ದು ಟೀಚರ ಅಕ್ಕನ ಮಗ ವಿನೀತ್. ಅದರ ಮೇಲೂ ಕೆಳಗೂ ಗುಲಾಬಿಗಳು. ಹಳೆಯದು ಇದ್ದವರು ಅದೇ ಹಾಡು ಮತ್ತೆ ಬಂತು ಎಂದು ಬಿಟ್ಟಿದ್ದಾರೆ. ನನ್ನ ಫೋನಿಗೆ ಹಳೆಯದು ಇಳಿದೇ ಇರಲಿಲ್ಲವಲ್ಲ.

ಬಾಯಿ ಪಿನ್ ಸಮೇತ ಕುರ್ಚಿಯಲ್ಲಿ ಕೂತರು. “ಅಂದ್ರೆ ತಪ್ಪು ನಿನ್ನದಲ್ಲ, ನಾವು ಇಷ್ಟು ಜನ ಒಟ್ಟಿಗೆ ತಪ್ಪು. ಎಂಥಾ ಒಗ್ಗಟ್ಟು ಮಾರಾಯ್ತಿ.”

ಟೀಚರಿಗೆ ನೀವೇ ಹೇಳಿ ಎಂದೆ. ಒಪ್ಪಲಿಲ್ಲ. “ಜಾಗ ಹೋದದ್ದು ನಿನ್ನದು. ನೀನೇ ಕೇಳು.”

ನ. 23, ಭಾನುವಾರ, ಸಂಜೆ

ಹೇಳಿದೆ.

ಟೀಚರ ಮನೆಯಂಗಳ. ಕಾರ್ಕಳದವರೂ ಬಂದಿದ್ದರು. ನನ್ನ ಕೈಯಲ್ಲಿ ಲಂಗಗಳ ಗಂಟು. ಟೀಚರ್ ಹಾಡು ಹಾಕಲು ಹೊರಟರು. “ಟೀಚರ್, ಹಾಡು ತಪ್ಪು ಉಂಟು.” ನನ್ನ ದನಿಯೇ. ಇಷ್ಟು ದೊಡ್ಡದಾಗಿ ಬರುತ್ತದೆಂದು ಗೊತ್ತಿರಲಿಲ್ಲ. ಎಲ್ಲರೂ ತಿರುಗಿದರು. ನನ್ನ ಫೋನನ್ನು ಅವರ ಫೋನಿನ ಪಕ್ಕ ಇಟ್ಟು ವಿವರ ತೆರೆದು ತೋರಿಸಿದೆ.

ಟೀಚರ್ ಓದಿದರು. ಮತ್ತೆ ಓದಿದರು. ವಿನೀತನಿಗೆ ಫೋನ್, ಎಲ್ಲರೂ ಕೇಳುವ ಹಾಗೆ. ಪೆರ್ಡೂರಿಗೆ ಹೋಗುವ ಗಡಿಬಿಡಿಯಲ್ಲಿ ಹಾಡಿನಲ್ಲಿ ಎರಡು ನಿಮಿಷ ಕತ್ತರಿಸು ಎಂದು ಅವನಿಗೆ ಹೇಳಿದ್ದು ಟೀಚರೇ. ಕೊನೆಯಲ್ಲಿ ಕತ್ತರಿಸುತ್ತಾನೆ ಎಂದುಕೊಂಡು ಆಮೇಲೆ ಮರೆತೂಬಿಟ್ಟಿದ್ದರಂತೆ.

“ನಡುವೆ ಒಂದೇ ತರದ್ದು ಎರಡು ಸಲ ಇತ್ತು ಚಿಕ್ಕಮ್ಮ, ಒಂದು ತೆಗೆದೆ. ಗ್ರೂಪಲ್ಲಿ ಹಾಕಿದ್ದೆನಲ್ಲ?”

ಬ್ರೇಕ್ ನಮಗೇ ಇರಲಿಲ್ಲ ಎಂದಳು ಲವೀನಾ. ಈ ಸಲದ ನಗುವಿನಲ್ಲಿ ನಾನೂ ಇದ್ದೆ.

ಆಮೇಲೆ ಒಂದೊಂದೇ ಫೋನ್ ನನ್ನ ಕೈಗೆ ಬಂತು. ಹಳೆಯದನ್ನು ಅಳಿಸಿದೆ. ಹೊಸದಕ್ಕೆ ‘ಇದೇ ಹಾಡು’ ಎಂದು ಹೆಸರು ಬದಲಿಸಿದೆ. ಅಂಗಳದಲ್ಲಿ ಇಂಟರ್‌ನೆಟ್ ಸಿಗುವುದಿಲ್ಲ. ಆ್ಯಪಿನಿಂದಲೇ ಫೋನಿನಿಂದ ಫೋನಿಗೆ ದಾಟಿಸಿದೆ. ನನಗೂ ಕನ್ನಡ ಮಾಡಿಕೊಡು ಎಂದು ಸಾಲು ನಿಂತರು.

ಕೊನೆಗೆ ಟೀಚರ್ ನನ್ನ ಭುಜ ಹಿಡಿದು ನಡೆಸಿಕೊಂಡು ಹೋದರು. ಹಿಂದಿನ ಸಾಲು ದಾಟಿ, ನಡುವಿನ ಸಾಲು ದಾಟಿ. “ಹೊಸ ಹಾಡಿಗೆ ಕುಣಿಯಲು ಬರುವುದು ಇವಳೊಬ್ಬಳಿಗೇ. ಇನ್ನು ಒಂದೇ ವಾರ ಉಂಟು. ಎಲ್ಲರೂ ಇವಳ ಕಾಲು ನೋಡಿ.”

ನನ್ನ ಎದುರು ಯಾರೂ ಇಲ್ಲ. ಅಂಗಳದ ಗೋಡೆ ಮಾತ್ರ.

ನ. 30, ಭಾನುವಾರ, ಮಧ್ಯಾಹ್ನ

ಮಣಿಪಾಲ. ಸ್ಟೇಜಿನ ಹಿಂದೆ. ಹಾಡು ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಆ ಪೆನ್‌ಡ್ರೈವಿನಲ್ಲಿ ಬೇರೆ ಯಾವ ಹಾಡೂ ಇಲ್ಲ. ನಮಗಿಂತ ಮೊದಲಿನ ತಂಡದ ಹಾಡು ಆರು ನಿಮಿಷ ದಾಟಿತು, ಗಂಟೆ ಹೊಡೆದರು. ಪಾಪ. ಈಗ ನಮ್ಮ ಹೆಸರು —

ಅದೇ ದಿನ, ಸಂಜೆ. ಟೆಂಪೋದಲ್ಲಿ

ಅಕ್ಷರ ಓಲಾಡುತ್ತಿದೆ, ಇರಲಿ. ಫಸ್ಟ್!

ಮೊದಲ ಹೆಜ್ಜೆಯವರೆಗೆ ಮಾತ್ರ ಹೆದರಿಕೆ. ಆಮೇಲೆ ಬೆನ್ನ ಹಿಂದೆ ಎಲ್ಲರ ಕಾಲು ಒಂದೇ ಸಲ ಬೀಳುವುದು ಕೇಳಿತು. ಬಲೆ ಎಳೆದೆವು, ತಿರುಗಿದೆವು. ಯಾರಿಗೂ ಯಾರೂ ಡಿಕ್ಕಿ ಇಲ್ಲ. ಬೆನೆಡಿಕ್ಟಾ ಬಾಯಿಯ ಹೂವು ಬಿತ್ತು, ಅದನ್ನೂ ತುಳಿಯದೆ ಮುಗಿಸಿದೆವು.

ಕಪ್ ಒಬ್ಬರ ಮಡಿಲಿನಿಂದ ಒಬ್ಬರ ಮಡಿಲಿಗೆ ಹೋಗುತ್ತಿದೆ. ಟೆಂಪೋದ ಯಶ್ವಂತಣ್ಣ ಕಟಪಾಡಿಯಲ್ಲಿ ಚಹಾಕ್ಕೆ ನಿಲ್ಲಿಸಿದ್ದಾರೆ. ಚಹಾ ಯಾರಿಗೂ ಬೇಡ. ರಸ್ತೆಬದಿಯಲ್ಲೇ ಇನ್ನೊಮ್ಮೆ ಕುಣಿಯಬೇಕಂತೆ. ಸಾಲು ನಿಂತಾಯಿತು, ಎದುರಿನ ಜಾಗ ಖಾಲಿ ಬಿಟ್ಟಿದ್ದಾರೆ. ಟೀಚರ್ ಕಿಟಕಿ ಬಡಿಯುತ್ತಿದ್ದಾರೆ, ನಾನು ಬಾರದೆ ಯಾರೂ ಶುರು ಮಾಡುವುದಿಲ್ಲವಂತೆ. ಜನ ನೋಡುತ್ತಾರೆ. ನೋಡಲಿ. ಇಳಿಯುತ್ತಿದ್ದೇನೆ —