ದನದ ಛತ್ರದ ಅತ್ತೆಗೆ

ನನ್ನ ಅತ್ತೇ,

ಚೆನ್ನಾಗಿದ್ದೀಯಾ ಎಂದು ಹೇಗೆ ಕೇಳಲಿ? ಕೇಳಿದರೂ ಉತ್ತರ ಕೊಡದೆ, “ಉಂಡ್ಯಾ?” ಎಂದು ನನ್ನನ್ನೇ ಕೇಳುವವಳು ನೀನು.

ಯಲಹಂಕ ದಾಟಿದರೆ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ನಿನ್ನ ಛತ್ರ. ದೂರದೂರಿಗೆ ದನ ಹೊಡೆದುಕೊಂಡು ಹೋಗುವವರಿಗೆಂದೇ ಹಿಂದೆ ಯಾರೋ ಶೆಟ್ಟರು ಕಟ್ಟಿಸಿದ್ದಂತೆ. ಮುಂದೆ ಜನರಿಗೆ ಜಗಲಿ, ಹಿಂದೆ ದನಗಳಿಗೆ ಅಂಗಳ, ನೀರಿಗೆ ಕಲ್ಲಿನ ಬಾನಿ. ಮಾಗಡಿ, ಕನಕಪುರದ ಕಡೆಯಿಂದ ಹೋರಿಗಳನ್ನು ನಡೆಸಿಕೊಂಡು ಘಾಟಿಯ ದನದ ಪರಿಷೆಗೆ ಹೋಗುವವರು ಅಲ್ಲಿ ತಂಗುತ್ತಿದ್ದರು. ಛತ್ರ ನೋಡಿಕೊಳ್ಳುತ್ತಿದ್ದ ಮಾವ ತೀರಿಕೊಂಡ ಮೇಲೆ ನೀನೇ ನಡೆಸಿದೆ. ಯಾರೇ ಬರಲಿ, ನೀನು ಮೊದಲು ನೋಡುತ್ತಿದ್ದದ್ದು ಎತ್ತಿನ ಗೊರಸು, ಆಮೇಲೆ ಮನುಷ್ಯನ ಮುಖ.

ಕನಕಪುರದ ಮರಿಯಪ್ಪನಿಗೆ ಜ್ವರ ಬಂದದ್ದು ನೆನಪಿದೆಯಾ? ಜೊತೆಯವರು ಪರಿಷೆ ತಪ್ಪುತ್ತದೆಂದು ಮುಂದೆ ಹೊರಟರು. ನಡುಗುತ್ತಿದ್ದ ಅವನನ್ನು ನೀನು ಒಳಕೋಣೆಯಲ್ಲಿ ಮಲಗಿಸಿ ಗಂಜಿ ಕುಡಿಸಿದೆ, ಅವನ ಜೋಡಿ ಹೋರಿಗಳಿಗೂ ಹುಲ್ಲು ಹಾಕಿದೆ. ಊರಿನ ಬಾಯಿ ಸುಮ್ಮನಿರುತ್ತದಾ? ನಿನ್ನ ತಮ್ಮ, ನಮ್ಮಪ್ಪ, ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡೇ ಬಂದ. ಒಳಗೂ ಕಾಲಿಡದೆ ಕೂಗಿದ: “ಗಂಡ ಇಲ್ದೋಳು, ಯಾವನೋ ದನ ಹೊಡ್ಯೋನ್ನ ಒಳಗೆ ಮಲಗಿಸ್ಕೊಂಡಿದ್ದೀಯಲ್ಲ, ನಾಚ್ಕೆ ಆಗಲ್ವಾ?”

ನೀನು ಗಂಜಿಯ ಸೌಟು ಹಿಡಿದೇ ಹೊರಗೆ ಬಂದೆ. “ಜ್ವರ ಬಂದೋನ್ನ ಮಂಜಲ್ಲಿ ಮಲಗ್ಸಕ್ಕಾಯ್ತದೇನ್ಲಾ? ಮತ್ತೆ ಛತ್ರ ಅಂತ ಯಾಕಾದ್ರೂ ಇರ್ಬೇಕು?”

ಅಪ್ಪ ಸೈಕಲ್ ತಿರುಗಿಸಿದ. ಮರಿಯಪ್ಪ ಚೇತರಿಸಿಕೊಂಡು, ನಿನ್ನ ಕಾಲಿಗೆ ಬಿದ್ದು ಊರಿಗೆ ಹೋದ. ಅಪ್ಪ ಮಾತ್ರ ಮತ್ತೆ ಬರಲಿಲ್ಲ. ಅಮ್ಮ ನನ್ನನ್ನು ಕದ್ದುಮುಚ್ಚಿ ಕಳಿಸುತ್ತಿದ್ದಳು. ನೀನು ಒಂದು ಸಲವೂ ಅಪ್ಪನನ್ನು ಬೈಯಲಿಲ್ಲ. “ಅವ್ನಿಗೆ ಕೆಮ್ಮು ಕಡ್ಮೆ ಆಯ್ತಾ?” ಎಂದಷ್ಟೇ ಕೇಳುತ್ತಿದ್ದೆ. ಬರುವಾಗ ನನ್ನ ಕೈಯಲ್ಲಿ ಕೊಡುತ್ತಿದ್ದ ತುಳಸಿ ಕಷಾಯದ ಪುಡಿ ಯಾರು ಮಾಡಿದ್ದೆಂದು ಅಪ್ಪನಿಗೆ ಗೊತ್ತಿತ್ತೋ ಏನೋ. ಕುಡಿಯುತ್ತಿದ್ದದ್ದಂತೂ ಹೌದು.

ಆಮೇಲೆ ದನಗಳು ಲಾರಿ ಹತ್ತಿದವು. ನಡೆದು ಬರುವವರೇ ಇಲ್ಲದ ಛತ್ರದಲ್ಲಿ ನೀನೊಬ್ಬಳೇ. ಏರ್‌ಪೋರ್ಟ್ ಶುರುವಾದ ಮೇಲೆ ಸುತ್ತಲಿನ ರಸ್ತೆಗಳೆಲ್ಲ ಅಗಲವಾಗುತ್ತಾ ಬಂದು, ಕೊನೆಗೆ ನಿನ್ನ ಬಾಗಿಲಿಗೂ ಜೆಸಿಬಿ ಬಂತು. ನಿನ್ನನ್ನು ಯಲಹಂಕದ ನನ್ನ ಮನೆಗೆ ಕರೆದೊಯ್ಯಲು ಬಂದರೆ, ನೀನು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದೆ! ಕೆಡವಲು ಬಂದಿದ್ದವರಲ್ಲಿ ರಾಯಚೂರಿನವನೊಬ್ಬ ತಟ್ಟೆ ಮುಟ್ಟಲು ಹಿಂಜರಿದ. “ಯವ್ವಾ, ನಿನ್ನ ಮನಿ ಕೆಡವಾಕ ಬಂದವ್ರಿಗೆ ಊಟ ಹಾಕ್ತಿ?”

“ಅಸ್ಕಂಡು ಎಂಗಪ್ಪಾ ಕೆಲ್ಸ ಮಾಡ್ತೀರಿ? ಉಂಡ್ಬುಟ್ಟು ಒಡೀರಿ.”

ಅವನು ಉಂಡ. ತಟ್ಟೆ ತೊಳೆದಿಟ್ಟು, ಛತ್ರದ ಗೋಡೆಯ ಕಡೆಗೆ ಹೋಗಲಾರದೆ ನಿಂತವನನ್ನು ನೀನೇ ಹೋಗೆಂದು ತಲೆಯಾಡಿಸಿ ಕಳಿಸಿದೆ.

ನನ್ನ ಮನೆಯಲ್ಲಿ ನೀನು ಕಣ್ಣು ಮುಚ್ಚಿದ ದಿನ ಅಪ್ಪ ಬಂದಿದ್ದ. ಗೇಟಿನ ಹೊರಗೇ ನಿಂತಿದ್ದು ಹೋದ. ನನಗೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ?

ಈಗ ಕೇಳು. ಮೊನ್ನೆ ಅಪ್ಪನನ್ನು ದೊಡ್ಡಬಳ್ಳಾಪುರಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಕಂಡಕ್ಟರ್ “ಛತ್ರ, ಛತ್ರ, ಯಾರ್ರೀ ಇಳ್ಯೋರು?” ಎಂದ. ಸ್ಟಾಪಿಗೆ ಇನ್ನೂ ಅದೇ ಹೆಸರು. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ಕಿಟಕಿಯಾಚೆ ನೋಡಿ, “ತಾತ, ಇಲ್ಲಿ ಯಾವ ಛತ್ರಾನೂ ಇಲ್ವಲ್ಲಾ?” ಎಂದಳು.

ಅಪ್ಪ ಬಗ್ಗಿ ಕಿಟಕಿಯಾಚೆ ನೋಡಿದ. ಆಮೇಲೆ, “ಇತ್ತು ಕಣಮ್ಮ. ನಮ್ಮಕ್ಕ ನಡೆಸ್ತಿದ್ಲು. ದನ ಹೊಡ್ಕೊಂಡ್ ಬರೋರಿಗೆ ಜ್ವರ ಬಂದ್ರೆ ಒಳಗೆ ಮಲಗಿಸಿ ಗಂಜಿ ಕುಡಿಸೋಳು. ಅಂಥೋಳು...” ಎಂದವನು ಕಂಬಿ ಹಿಡಿದು ಎದ್ದೇಬಿಟ್ಟ. “ಹೋಲ್ಡಾನ್! ಇಳ್ಯೋರಿದ್ದೀವಿ.”

ಇಳಿದೆವು. “ಬಾಗ್ಲು ಎಲ್ಲಿತ್ತಮ್ಮಾ?” ಎಂದ. ವಾಹನಗಳು ಓಡುತ್ತಿದ್ದ ಜಾಗವನ್ನು ತೋರಿಸಿದೆ. ಎಷ್ಟು ಕರೆದರೂ ಬರಲಿಲ್ಲ; ರಸ್ತೆಯ ಅಂಚಿನಲ್ಲಿ ಕೈಮುಗಿದುಕೊಂಡು ನಿಂತೇ ಇದ್ದ.

ಅತ್ತೇ, ನಿನ್ನ ತಮ್ಮ ಬಂದಿದ್ದ.

ನಿನ್ನ,
ಸುಧಾ