ಜಹೀರಾಬಾದಿನ ಹೀರೇಕಾಯಿ

ನವೆಂಬರ್ 16, ಭಾನುವಾರ, ನಾಚಾರಂ

ಫ್ಯಾಕ್ಟರಿಯವರು ನನ್ನನ್ನು ಜಹೀರಾಬಾದಿಗೆ ವರ್ಗ ಮಾಡಿದಾಗಿನಿಂದ ಅತ್ತಿದ್ದೇ ಅತ್ತಿದ್ದು. ಸೂಪರ್‌ವೈಸರ್ ನರಸಿಂಹುಲು ಅವರಿಗೆ ಕೈಮುಗಿದು ಬೇಡಿಕೊಂಡಿದ್ದೂ ಆಯಿತು. ಇವತ್ತು ಒಲ್ಲದ ಮನಸ್ಸಿನಿಂದಲೇ ಅಲ್ಲಿ ಬಾಡಿಗೆ ಮನೆ ನೋಡಲು ಹೋದೆವು.

ಆದರೆ ಆ ಮಾರ್ಕೆಟ್! ಬೀದರಿಗೆ ಹತ್ತಿರದ ಊರಲ್ಲವೇ, ಹೀರೇಕಾಯಿ ಮಾರುವವಳು ಕನ್ನಡದವಳು. ನಾನು ಒಂದನ್ನು ಒತ್ತಿ ನೋಡಿದ್ದೇ ತಡ, "ಹಂಗ ಚಿವುಟಬ್ಯಾಡ್ರಿ, ಅದೇನು ಕೂಸಿನ ಗಲ್ಲ ಏನ್ರಿ?" ಎಂದಳು.

"ಮೊನ್ನಿ ಕಾಯಿ ಇವತ್ತಿಂದು ಅಂತ ಮಾರಾಕತ್ತೀಯಲ್ಲ, ನಿನಗ ನಾಚಿಕಿ ಐತೇನು?" ಎಂದೆ.

ಎಷ್ಟು ಸಲೀಸಾಗಿ ಬಂತು! ಇಲ್ಲಿ ತೆಲುಗಿನಲ್ಲಿ ಉತ್ತರ ಹುಡುಕುವಷ್ಟರಲ್ಲಿ ಜಗಳವೇ ಮುಗಿದಿರುತ್ತದೆ. ಇಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಪಾಪ, ಅವಳ ಮೇಲೆ ಸುರಿದೆ. ಅವಳೇನು ಕಡಿಮೆಯೇ? ಕೊನೆಗೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಮ್ಮವರು ಚೀಲ ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಅಲ್ಲೇ ತೀರ್ಮಾನಿಸಿದೆ, ಮನೆಗೆ ಮುಂಗಡವನ್ನೂ ಕೊಟ್ಟು ಬಂದೆವು. ಈಗಲೂ ಮೈ ಜುಮ್ಮೆನ್ನುತ್ತಿದೆ.

ಊಟಕ್ಕೆ ಕುಳಿತಾಗ ನರಸಿಂಹುಲು ಅವರ ಫೋನ್. ನನ್ನ ಕಣ್ಣೀರು ನೋಡಲಾಗದೆ ಯಾರ್‍ಯಾರದೋ ಕಾಲು ಹಿಡಿದು ವರ್ಗ ರದ್ದು ಮಾಡಿಸಿದ್ದಾರಂತೆ!

ಬಿಡುವುದಿಲ್ಲ. ನಾಳೆ ಹೋಗಿ ಜಗಳ ಆಡಿಯಾದರೂ ಆ ವರ್ಗವನ್ನು ವಾಪಸು ಪಡೆಯುತ್ತೇನೆ. ಅಯ್ಯೋ, ಅದೂ ತೆಲುಗಿನಲ್ಲಿ!