ರಿಮೋಟ್ ನನ್ನ ಕೈಯಲ್ಲಿದ್ದ ಸಂಜೆ

ಮನೆ, ಮೂರನೇ ಮಹಡಿ
ಮಂಗಳವಾರ ಬೆಳಿಗ್ಗೆ, ತಾರೀಖು ಹದಿನಾರು

ಪ್ರೀತಿಯ ಮರೀ,

ಹೇಗಿದ್ದೀಯ? ಹೊಟ್ಟೆ ಸರಿಹೋಯಿತೇ? ಹಿಂದಿನ ಸಲ ಫೋನು ಮಾಡಿದಾಗ ಅಲೆ ಜೋರು, ತಿಂದದ್ದು ನಿಲ್ಲುತ್ತಿಲ್ಲ ಅಂದಿದ್ದೆ. ಅವತ್ತಿನಿಂದ ನನಗೂ ಊಟ ರುಚಿಸಿಲ್ಲ. ಎಂಜಿನ್ ರೂಮಿನಲ್ಲಿ ಬೆವತವನು ಹಾಗೇ ಡೆಕ್ಕಿನ ಗಾಳಿಗೆ ಹೋಗಿ ನಿಲ್ಲಬೇಡ ಎಂದು ಎಷ್ಟು ಹೇಳಿದರೂ ಅದು ನಿನ್ನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗುತ್ತದೆ. ಹಡಗಿನ ಎಂಜಿನಿಯರ್ ಆದರೂ ನನಗೆ ನೀನು ಮರಿಯೇ. ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಕಣ್ಣಿನ ಚಿಂತೆ ಬಿಡು, ಹೊಸ ಕನ್ನಡಕ ಬಂದಿದೆ. ಎದುರು ಕಟ್ಟಡದಾಕೆ ಬಟ್ಟೆ ಹರವುವಾಗ ಎಷ್ಟು ಕ್ಲಿಪ್ಪು ಕೆಳಗೆ ಬೀಳಿಸಿದಳು ಅನ್ನುವುದೂ ಈಗ ನನಗೆ ಕಾಣುತ್ತದೆ.

ಫೋನು ಇರುವಾಗ ಅಜ್ಜಿಗೆ ಪತ್ರದ ಹುಚ್ಚು ಯಾಕೆ ಅಂದುಕೊಳ್ಳುತ್ತೀಯ. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಇಲ್ಲವೇ ಸರಿಯಾಗಿ ಮುಖ್ಯ ಮಾತಿಗೆ ಬರುವಾಗ ಲೈನು ಹೋಯಿತು ಅನ್ನುತ್ತೀಯ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ಕೆಲಸ ಮಾಡಿದವಳು. ಯಾವ ಲೈನು ತಾನಾಗಿ ಹೋಯಿತು, ಯಾವುದನ್ನು ಕೈಯಾರೆ ಕತ್ತರಿಸಿದರು ಎನ್ನುವುದು ನನಗೆ ಚೆನ್ನಾಗಿ ತಿಳಿಯುತ್ತದೆ. ಕಾಗದವಾದರೆ ಕೊನೆಯವರೆಗೆ ಓದಲೇಬೇಕು. ಮುಂದಿನ ಬಂದರಿನಲ್ಲಿ ಇದು ನಿನ್ನ ಕೈ ಸೇರುತ್ತದಂತೆ, ನಿನ್ನ ಕಂಪನಿಯವರು ಹೇಳಿದ್ದಾರೆ.

ಮೊದಲು ಮೇಲಿನ ಮನೆಯವರ ವಿಷಯ. ಹೌದು, ಆ ಕನ್ನಡಕದಂಗಡಿಯವರೇ. ಕಳೆದ ರಜೆಯಲ್ಲಿ ಅವರು ನನ್ನ ಕನ್ನಡಕದ ಕಾಲು ಸರಿಮಾಡಿಕೊಡಲು ಬಂದಾಗ ನೀನು ಮುಖ ಗಂಟು ಹಾಕಿಕೊಂಡು ಪೇಪರಿನ ಹಿಂದೆ ಅಡಗಿದ್ದೆಯಲ್ಲ, ಅವರೇ. ನೀನು ಹೋದಮೇಲೆ ಅವರು ನಿಮ್ಮಮ್ಮನ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಈ ವಯಸ್ಸಿನಲ್ಲಿ ಕಾರು ಕಲಿಯಬೇಕಂತೆ. ಲೋಕದ ಕಣ್ಣೆಲ್ಲ ಸರಿಮಾಡುವ ಮನುಷ್ಯ ರಿವರ್ಸ್ ತೆಗೆಯುವಾಗ ತಮ್ಮ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂದು ನಿಮ್ಮಮ್ಮ ಬಂದು ಹೇಳಿ ನಗುತ್ತಿದ್ದಳು. ಟೆಸ್ಟಿನಲ್ಲಿ ಫೇಲಾದರು, ಮತ್ತೆ ಕಟ್ಟಿದರು, ಮತ್ತೆ ಫೇಲಾದರು. ಒಂದು ದಿನ ನಾನೇ ಕೇಳಿದೆ: "ಏನಪ್ಪಾ, ನಿಜವಾಗ್ಲೂ ಬರೋದಿಲ್ವಾ, ಇಲ್ಲಾ ಕ್ಲಾಸು ಮುಗಿದುಹೋಗತ್ತೆ ಅಂತ ಬೇಕಂತ್ಲೇ ಫೇಲಾಗ್ತಿದ್ದೀರಾ?" ಆತ ಕಿವಿಯವರೆಗೆ ಕೆಂಪಾಗಿ, "ಮೊದಲನೇ ಸಲ ನಿಜವಾಗ್ಲೂ ಬರ್ಲಿಲ್ಲ ಅಮ್ಮಾ" ಅಂದರು. ಅಷ್ಟು ಸಾಕಾಯಿತು ನನಗೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ, ಮಕ್ಕಳಿಲ್ಲ. ಒಂಟಿ ಗಂಡಸಿನ ಮನೆ ಹೇಗಿರುತ್ತದೆ ನೋಡೋಣವೆಂದು ಒಂದು ದಿನ ಮಂಡಿಯ ಮುನಿಸು ಲೆಕ್ಕಿಸದೆ ಹತ್ತಿ ಹೋಗಿದ್ದೆ. ನಮ್ಮ ಮನೆಗಿಂತ ಚೊಕ್ಕಟವಾಗಿತ್ತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಈಗ ನಿನ್ನೆಯ ಸುದ್ದಿ. ನಿನ್ನೆ ಎಲ್ಲರಿಗೂ ರಜೆ. ಅಂಗಡಿ ಇಲ್ಲ, ಆಫೀಸಿಲ್ಲ, ಬೀದಿಯಲ್ಲಿ ಒಂದು ಹಾರನ್ನೂ ಇಲ್ಲ. ಮಧ್ಯಾಹ್ನ ನಿನ್ನ ಅಕ್ಕ ಮತ್ತು ಭಾವ ಒಂದು ಚೀಲ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದರು. ಇಂಥ ದಿನಗಳಲ್ಲಿ ಟೀವಿಯವರು ಏನು ಮಾಡುತ್ತಾರೆ ಅನ್ನುವುದು ನಿನಗೆ ಗೊತ್ತೇ ಇದೆ. ಮೊದಲು ಹಳೆಯ ಹಾಸ್ಯ ಧಾರಾವಾಹಿಯ ಕಂತುಗಳನ್ನು ಒಂದರ ಬೆನ್ನಿಗೆ ಒಂದು ಪೋಣಿಸುತ್ತಾರೆ, ಆಮೇಲೆ ಸಿನಿಮಾ, ಅದರ ಮೇಲೆ ಇನ್ನೊಂದು ಸಿನಿಮಾ. ಭಾವನಿಗೆ ಹೊಡೆದಾಟದ ಚಿತ್ರ ಬೇಕಿತ್ತು, ಅಕ್ಕನಿಗೆ ಯಾವುದಾದರೂ ಅಳುವಂಥದ್ದು. ರಿಮೋಟು ನನ್ನ ತೊಡೆಯ ಮೇಲಿತ್ತು. ಈ ಮನೆಯಲ್ಲಿ ಸರ್ಕಾರ ಯಾರದ್ದು ಎಂದು ಬೇರೆ ಹೇಳಬೇಕೇ? ಮೇಲಿನ ಮನೆಯವರನ್ನೂ ನಾನೇ ಕರೆದಿದ್ದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಪೊಟ್ಟಣ ಬಿಸ್ಕತ್ತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಪರೀಕ್ಷೆಗೆ ಬಂದ ಹುಡುಗನ ಹಾಗೆ ಬಾಗಿಲಲ್ಲಿ ನಿಂತರು. ಅಕ್ಕ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಕಿತ್ತಳೆ ಸಿಪ್ಪೆಯನ್ನು ಸ್ವಲ್ಪ ಜೋರಾಗಿಯೇ ಸುಲಿದಳು.

ಮರೀ, ಆ ಬಾಡಿಗೆ ಮನೆಯ ಧಾರಾವಾಹಿ ನೆನಪಿದೆಯಲ್ಲ? ದಲ್ಲಾಳಿಯ ಎಡವಟ್ಟಿನಿಂದ ಒಂದೇ ಮನೆಗೆ ಎರಡು ಸಂಸಾರ ಬಂದು, ಮಧ್ಯೆ ಬೆಡ್‌ಶೀಟು ಕಟ್ಟಿಕೊಂಡು ಬದುಕುವ ಕಥೆ. ನಿಮ್ಮಪ್ಪನಿಗೆ ಅದು ಪ್ರಾಣ. ನೋಡಿದ್ದನ್ನೇ ನೋಡಿ ನೋಡಿ ಎಲ್ಲರ ಮಾತೂ ಬಾಯಿಪಾಠವಾಗಿ, ನಟರಿಗಿಂತ ಒಂದು ಉಸಿರು ಮುಂಚೆ ತಾನೇ ಹೇಳಿಬಿಡುತ್ತಿದ್ದ. ನೀವಿಬ್ಬರೂ ದಿಂಬು ತೆಗೆದುಕೊಂಡು ಅವನಿಗೆ ಬಡಿಯುತ್ತಿದ್ದಿರಿ. ಅವನು ತೀರಿಹೋದಮೇಲೆ ಈ ಮನೆಯಲ್ಲಿ ಅದರ ಹಾಡು ಶುರುವಾದರೆ ಸಾಕು, ನಿಮ್ಮಮ್ಮ ಎದ್ದು ಒಳಗೆ ಹೋಗುತ್ತಾಳೆ. ಏನೋ ಕೆಲಸ ಇದೆ ಅನ್ನುತ್ತಾಳೆ. ಒಗೆದು ಮಡಿಸಿಟ್ಟ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸುವುದನ್ನು ನಾನೇ ನೋಡಿದ್ದೇನೆ. ನಾನೂ ಚಾನೆಲ್ ಬದಲಾಯಿಸಿಬಿಡುತ್ತಿದ್ದೆ. ನಿನ್ನೆಯೂ ಬದಲಾಯಿಸಲು ಹೋದೆ. ಅಷ್ಟರಲ್ಲಿ ಕನ್ನಡಕದವರು, "ಇದು ಯಾವ್ದು? ನಾನು ನೋಡೇ ಇಲ್ಲ. ಆ ಕಾಲದಲ್ಲಿ ಅಂಗಡಿ ಮುಚ್ಚೋ ಹೊತ್ತಿಗೆ ಟೀವಿನೂ ಮಲಗಿರ್ತಿತ್ತು" ಅಂದರು. ಏಳಲು ಹೊರಟಿದ್ದ ನಿಮ್ಮಮ್ಮ ಅರ್ಧದಲ್ಲೇ ನಿಂತಳು. "ಇದನ್ನ ನೋಡಿಲ್ವಾ? ಒಂದು ಕಂತೂ?" ಎಂದು ಕೇಳಿದಳು. ಇಲ್ಲ ಎಂದು ಅವರು ತಲೆಯಾಡಿಸಿದರು. ಊಟ ಮಾಡದೆ ಬಂದವರನ್ನು ನೋಡಿದ ಹಾಗೆ ನೋಡಿ, ಮತ್ತೆ ಕೂತಳು. ನಾನು ರಿಮೋಟಿನ ಮೇಲಿಂದ ಬೆರಳು ತೆಗೆದೆ.

ಮನೆಯ ಓನರು ದಿಢೀರನೆ ಬರುವ ಕಂತು ಅದು. ಎರಡೂ ಸಂಸಾರದವರು ತಾವು ನೆಂಟರು ಎಂದು ಸುಳ್ಳು ಹೇಳುತ್ತಾರೆ. ಕನ್ನಡಕದವರು ಗಂಭೀರವಾಗಿ, ಕೋರ್ಟಿನಲ್ಲಿ ಕೂತವರ ಹಾಗೆ ನೋಡುತ್ತಿದ್ದರು. "ಅಯ್ಯೋ, ಈಗ ಏನ್ ಮಾಡ್ತಾರೆ ಇವ್ರು?" ಎಂದು ನಿಜವಾದ ಆತಂಕದಿಂದ ಕೇಳಿದರು. ನಿಮ್ಮಮ್ಮ "ಶ್, ಸುಮ್ನೆ ನೋಡಿ" ಅಂದಳು. ಓನರು ಸೊಂಟದ ಮೇಲೆ ಕೈಯಿಟ್ಟು ಯಾರು ಯಾರ ಮನೆಗೆ ಬಂದಿರುವುದು ಎಂದು ಕೇಳಿದ, ದಪ್ಪ ಮೀಸೆಯವನು ಬಾಯಿ ತೆರೆದ, ಅಷ್ಟೇ. ಅವನಿಗಿಂತ ಒಂದು ಉಸಿರು ಮುಂಚೆ ನಿಮ್ಮಮ್ಮನ ಬಾಯಿಂದ ಬಂತು: "ನಾವು ಅವ್ರ ಮನೆಗೆ ಬಂದಿದ್ದೀವಿ, ಅವ್ರು ನಮ್ಮನೆಗೆ ಬಂದಿದ್ದಾರೆ, ಹಾಗಾಗಿ ಮನೇಲಿ ಯಾರೂ ಇಲ್ಲ ಸಾರ್!" ಅದೇ ಧಾಟಿ, ಕೊನೆಯ 'ಸಾರ್' ಅನ್ನು ಮೂಗಿನಲ್ಲಿ ಎಳೆಯುವ ಅದೇ ರಾಗ. ಕನ್ನಡಕದವರು ಟೀವಿ ಬಿಟ್ಟು ಅವಳನ್ನೇ ನೋಡಿದರು, ಆಮೇಲೆ ನಗು ತಡೆಯಲಾಗದೆ ಬಗ್ಗಿಬಿಟ್ಟರು. ಅವರನ್ನು ನೋಡಿ ನಿಮ್ಮಮ್ಮನಿಗೂ ನಗು ಬಂತು. ಎಂಥಾ ನಗು ಅಂತೀಯ! ಹೊಟ್ಟೆ ಹಿಡಿದುಕೊಂಡು, ಸೋಫಾದ ಕೈ ಬಡಿದು ನಕ್ಕಳು. ನಿಮ್ಮಪ್ಪ ಹೋದಮೇಲೆ ನಾನು ಆ ನಗು ಕೇಳಿರಲಿಲ್ಲ. ನಾನೂ ನಕ್ಕೆ. ಕಣ್ಣಲ್ಲಿ ನೀರು ಬಂತು. ನಗುವಿನದ್ದು ಎಷ್ಟು, ಬೇರೆಯದ್ದು ಎಷ್ಟು ಎಂದು ಅಳೆಯಲು ಹೋಗಲಿಲ್ಲ.

ಅಕ್ಕ ಮಾತ್ರ ನಗಲಿಲ್ಲ. ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿತು, ನಿಲ್ಲಲೇ ಇಲ್ಲ. ಪಾತ್ರೆ ತೊಳೆಯುವ ಸದ್ದೂ ಇಲ್ಲ. ನಾನು ಗೋಡೆ ಹಿಡಿದುಕೊಂಡು ಹೋದೆ. ಬರೀ ನೀರನ್ನು ನೋಡುತ್ತಾ ನಿಂತಿದ್ದಳು. "ಅದು ಅಪ್ಪನ ಮಾತು ಅಜ್ಜೀ. ಅಮ್ಮ ಅದನ್ನ ಅವ್ರ ಮುಂದೆ ಯಾಕೆ ಹೇಳ್ಬೇಕಿತ್ತು? ಅಪ್ಪನ ಜಾಗನ ಇಷ್ಟು ಬೇಗ ಯಾರಿಗೋ ಕೊಟ್ಟುಬಿಡೋದಾ?" ಅಂದಳು. ನಾನು ನಲ್ಲಿ ನಿಲ್ಲಿಸಿದೆ. "ಜಾಗ ಅಂದ್ರೆ ಏನೇ, ಬಸ್ಸಿನ ಸೀಟಾ, ಕರ್ಚೀಫ್ ಹಾಕಿ ಹಿಡ್ಕೊಳ್ಳೋಕೆ? ನೋಡು, ನಿಂಗೆ ಅವನು ಅಪ್ಪ. ನಂಗೆ ಹೊಟ್ಟೇಲಿ ಹುಟ್ಟಿದ ಮಗ. ಅವನ ಪರವಾಗಿ ಸಿಟ್ಟು ಮಾಡ್ಕೋಬೇಕು ಅಂದ್ರೆ ಮೊದಲನೇ ಪಾಳಿ ನಂದು. ನಂಗೇ ಸಿಟ್ಟು ಬಂದಿಲ್ಲ. ಇಷ್ಟು ದಿನ ಆ ಮಾತನ್ನ ನಾವು ಮೂವರೂ ಬಾಯಿ ಮುಚ್ಚಿ ಕೊಂದಿದ್ವಿ. ಇವತ್ತು ಅವಳು ಅದನ್ನ ಮತ್ತೆ ಮಾತಾಡಿಸಿದ್ಲು. ನನ್ನ ಮಗ ಇವತ್ತು ಮನೇಲಿದ್ದ ಹಾಗಿತ್ತು ನಂಗೆ." ಅಕ್ಕ ನನ್ನ ಭುಜಕ್ಕೆ ಹಣೆಯಿಟ್ಟು ಅತ್ತಳು. ಸಣ್ಣವಳಿದ್ದಾಗ ಅಳುತ್ತಿದ್ದ ಹಾಗೇ, ಮೂಗನ್ನು ನನ್ನ ಸೆರಗಿಗೇ ಒರೆಸಿಕೊಂಡಳು. ಆಮೇಲೆ ಮುಖ ತೊಳೆದು, ಎಲ್ಲರಿಗೂ ಟೀ ಮಾಡಿ ತಂದಳು. ಕನ್ನಡಕದವರ ಲೋಟವನ್ನು ಮೇಜಿನ ಮೇಲೆ ಕುಕ್ಕಲಿಲ್ಲ, ಅವರ ಕೈಗೇ ಕೊಟ್ಟಳು. ನಾನು ಗಮನಿಸಿದೆ. ಅವರೂ ಗಮನಿಸಿದರು ಅಂತ ಕಾಣುತ್ತದೆ.

ಅಷ್ಟು ಹೊತ್ತಿಗೆ ಸಿನಿಮಾ ಶುರುವಾಗಿತ್ತು. ರೈಲು ತಪ್ಪಿಸಿಕೊಂಡ ಅಪ್ಪನೊಬ್ಬ ರಜೆಗೆ ಮನೆ ಸೇರಲು ಪಡುವ ಪಾಡು. ಲಾರಿ ಹತ್ತುತ್ತಾನೆ, ಹಾಲಿನ ಗಾಡಿ ಹತ್ತುತ್ತಾನೆ, ಮನೆ ಸೇರುತ್ತಾನೆ ಅನ್ನುವುದು ಮೊದಲನೇ ದೃಶ್ಯದಲ್ಲೇ ಗೊತ್ತಾಗುತ್ತದೆ, ಆದರೂ ಕಣ್ಣು ಕೀಳಲಾಗುವುದಿಲ್ಲ. ಭಾವ ಎಂದಿನಂತೆ ಹೆಸರು ತೋರಿಸುವಾಗಲೇ ಗೊರಕೆ ಹೊಡೆಯುತ್ತಿದ್ದ. ಜಾಹೀರಾತು ಬಂದಾಗ ಕನ್ನಡಕದವರು ಲೋಟ ಕೆಳಗಿಟ್ಟು ಎದ್ದು ನಿಂತರು. ಹೊರಟರೇನೋ ಅಂದುಕೊಂಡೆ. ಅವರು ನೇರ ನನ್ನ ಕಡೆ ತಿರುಗಿ, "ಅಮ್ಮಾ, ಇವ್ರನ್ನ ಮದುವೆ ಆಗ್ಬೇಕು ಅಂತ ನಂಗೆ ಆಸೆ ಇದೆ. ನಿಮ್ಮ ಮಗನ ಮನೆ ಇದು. ಅದಕ್ಕೆ ನಿಮ್ಮನ್ನ ಮೊದಲು ಕೇಳ್ತಿದ್ದೀನಿ" ಅಂದರು. ನಾನು ಟೀವಿಯ ಸದ್ದು ಪೂರ್ತಿ ನಿಲ್ಲಿಸಿದೆ. ಸದ್ದು ನಿಂತಿದ್ದಕ್ಕೆ ಭಾವ ಎಚ್ಚರಾಗಿ, "ಮುಗೀತಾ? ಮನೆ ಸೇರಿದ್ನಾ?" ಎಂದು ಕೇಳಿದ. ಅಕ್ಕ ಅವನ ಬಾಯಿಗೆ ಒಂದು ಕಿತ್ತಳೆ ತೊಳೆ ತುರುಕಿದಳು. ನಿಮ್ಮಮ್ಮ ಕೆಂಪಗಾಗಿ, "ಚೆನ್ನಾಗಿದೆ! ಮದುವೆ ಆಗ್ಬೇಕಾದವಳು ಇಲ್ಲಿ ಕೂತಿದ್ದೀನಿ, ಪರ್ಮಿಷನ್ನು ಅಲ್ಲಿ ಕೇಳ್ತಿದ್ದಾರೆ!" ಅಂದಳು. ನಾನು ಹೇಳಿದೆ, "ನನ್ನ ಕಡೆಯಿಂದ ಯಾವತ್ತೋ ಆಗಿದೆಯಪ್ಪ. ಇವಳು ನಂಗೆ ಸೊಸೆಯಾಗಿ ಬಂದವಳು, ಮಗಳಾಗಿ ಉಳಿದವಳು. ಈಗ ಅವಳನ್ನ ಕೇಳಿ." ಅವರು ತಿರುಗಿ ಕೇಳಿದರು. ನಿಮ್ಮಮ್ಮ, "ನನ್ನ ಮಗ ಹಡಗಲ್ಲಿದ್ದಾನೆ. ಅವನನ್ನ ಒಂದು ಮಾತು ಕೇಳ್ದೆ ನಾನು ಏನೂ ಹೇಳಲ್ಲ" ಅಂದಳು. ಆ ಮನುಷ್ಯ ಬೇಸರಿಸಲಿಲ್ಲ, ಒತ್ತಾಯ ಮಾಡಲಿಲ್ಲ. "ಕೇಳ್ಲೇಬೇಕು" ಎಂದು ಕೂತರು. ನಾನು ಸದ್ದು ಕೊಟ್ಟೆ. ಸಿನಿಮಾದ ಅಪ್ಪ ಮನೆ ಸೇರುವವರೆಗೂ ಎಲ್ಲರೂ ಕೂತು ನೋಡಿದೆವು.

ಅದಕ್ಕೇ ಈ ಪತ್ರ. ನಿನ್ನ ಮನಸ್ಸು ನನಗೆ ಗೊತ್ತು ಮರೀ. ದೂರದಲ್ಲಿರುವವನಿಗೆ ಮನೆ ತಾನು ಬಿಟ್ಟುಹೋದ ಹಾಗೆಯೇ ಇರಲಿ ಅನ್ನಿಸುತ್ತದೆ. ಇಟ್ಟ ಕುರ್ಚಿ ಇಟ್ಟಲ್ಲೇ, ಅಮ್ಮ ನಿಂತಲ್ಲೇ. ಆದರೆ ನೀನು ನೀರಿನ ಮೇಲಿದ್ದೀಯ, ಅಕ್ಕ ಅವಳ ಸಂಸಾರದಲ್ಲಿದ್ದಾಳೆ, ನಾನು ಹಣ್ಣೆಲೆ. ನಿಮ್ಮಮ್ಮ ದಿನವಿಡೀ ಊರಿನವರಿಗೆಲ್ಲ ಕನ್ನಡಿ ನೋಡಿ, ಮುಂದೆ ನೋಡಿ ಎಂದು ಹೇಳಿಕೊಟ್ಟು, ಸಂಜೆ ಬಂದು ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಾಳೆ. ಅವಳ ಮುಂದೆಯೂ ಒಂದು ದಾರಿ ಇರಬೇಡವೇ? ನಿಮ್ಮಪ್ಪನನ್ನು ಯಾರೂ ಈ ಮನೆಯಿಂದ ಕಳಿಸುತ್ತಿಲ್ಲ. ನಾನು ಬದುಕಿರುವವರೆಗೆ ಅದು ಸಾಧ್ಯವೂ ಇಲ್ಲ. ಫೋನು ಮಾಡಿ ಅವಳಿಗೆ 'ಹ್ಞೂಂ' ಅನ್ನು. ಬೇರೆ ಭಾಷಣ ಬೇಡ. ಉತ್ತರ 'ಹ್ಞೂಂ' ಆಗಿರುತ್ತದೆ ಎಂದು ನನಗೆ ಅನುಮಾನವಿಲ್ಲ, ಯಾಕೆಂದರೆ ನಿನ್ನನ್ನು ಸಾಕಿದವರಲ್ಲಿ ನಾನೂ ಒಬ್ಬಳು.

ವೇಳೆಗೆ ಸರಿಯಾಗಿ ತಿನ್ನು, ಬಿಸಿ ಕೊಳವೆಗಳ ಹತ್ತಿರ ಜಾಗ್ರತೆ, ನಿನ್ನ ಜೊತೆಯವರಿಗೆಲ್ಲ ಈ ಮುದುಕಿ ಕೇಳಿದಳೆಂದು ಹೇಳು. ಸಮುದ್ರ ನಿನ್ನನ್ನು ಮೆಲ್ಲಗೆ ತೂಗಲಿ, ನೂರು ಕಾಲ ಬಾಳು.

ನಿನ್ನನ್ನೇ ನೆನೆಯುವ,
ಅಜ್ಜಿ

ತಾ.ಕ.: ರಾತ್ರಿ ಇಲ್ಲೇ ಉಳಿದಿದ್ದ ಅಕ್ಕ ಆಫೀಸಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾಳೆ, ಇದನ್ನು ಅಂಚೆಗೆ ಹಾಕುವವಳು ಅವಳೇ, ಬೇಗ ಬೇಗ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವ ಮೊದಲು ನಿಮ್ಮಮ್ಮನಿಗೆ ಓದಲು ಕೊಟ್ಟಿದ್ದೆ. ನಿಂತುಕೊಂಡೇ ಓದಿದಳು, ಓದಿ ಮಡಿಸಿ ನನ್ನ ಕೈಗೇ ಕೊಟ್ಟಳು. "ರಾತ್ರಿಯೆಲ್ಲ ಯೋಚನೆ ಮಾಡ್ದೆ ಅತ್ತೆ. ನನ್ನ ಉತ್ತರದ ಭಾರನ ನನ್ನ ಮಗನ ತಲೆ ಮೇಲೆ ಹಾಕಿಬಿಟ್ಟೆ, ಅದು ನ್ಯಾಯ ಅಲ್ಲ. ನಾನೇ ಹೇಳಿ ಬರ್ತೀನಿ" ಎಂದು ಮೇಲೆ ಹೋದಳು. ಈಗಷ್ಟೇ ಇಳಿದು ಬಂದಳು, ಕನ್ನಡಕದವರು ಹಿಂದೆಯೇ ಬಂದಿದ್ದಾರೆ, ಒಂದು ಕಾಲಿಗೆ ಚಪ್ಪಲಿಯೇ ಇಲ್ಲ. ಮದುವೆ ಗಟ್ಟಿ. ರಿಜಿಸ್ಟರ್ ಆಫೀಸಿನಲ್ಲಿ, ನಿನ್ನ ಹಡಗು ದಡ ಸೇರಿದ ವಾರ. ಹಾಗಾದರೆ ಮರಿಗೆ ಏನೆಂದು ಬರೆಯಲಿ, ಒಪ್ಪಿಗೆ ಕೇಳಿದ್ದನ್ನು ಹೊಡೆದುಹಾಕಲೇ ಎಂದು ಕೇಳಿದೆ. ನಿಮ್ಮಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಅವನ ಒಪ್ಪಿಗೆ ಬೇಡ ಅತ್ತೆ. ಅವನು ಬೇಕು." ಬಾ.